ಅಂಚು ಬಾರದ ಸ್ನೇಕ್ ಪ್ಲಾಂಟು

ಬೇರೆಯವರ ಅಂಗಳದಲ್ಲಿ ಚೆಂದದ ಗಿಡ ಕಂಡರೆ ಒಂದು ತುಂಡು ಕೇಳದೆ ಗೇಟು ದಾಟುವವರು ನಮ್ಮ ಚಿತ್ರದುರ್ಗದ ಕಡೆ ಇನ್ನೂ ಹುಟ್ಟಿಲ್ಲ. ಕೇಳುವುದರಲ್ಲಿ ಸಂಕೋಚವಿಲ್ಲ, ಇಲ್ಲವೆನ್ನುವುದೇ ನಾಚಿಕೆಗೇಡು. ನಮ್ಮಜ್ಜಿ ಕೇರಿಗೆಲ್ಲ ಕನಕಾಂಬರದ ಸಸಿ ಹಂಚಿ, ಹಬ್ಬದ ದಿನ ತಾನು ಮುಡಿಯಲು ಪಕ್ಕದ ಮನೆಯ ಹೂವು ಕೇಳುತ್ತಿದ್ದಳು. ಆ ಧಾರಾಳ ನನಗೂ ಬಂದಿದೆ ಎಂದು ನಂಬಿಕೊಂಡು ಓಡಾಡುತ್ತಿದ್ದೆ, ನನ್ನ ಹೆಂಡತಿ ಗಿರಿಜಾಳ ಸ್ನೇಕ್ ಪ್ಲಾಂಟ್ ಮನೆಗೆ ಬರುವವರೆಗೆ.

ಹೆಸರಿನಲ್ಲಿ ಹಾವಿದ್ದರೂ ಅದು ಸಾಧು ಗಿಡ. ನೆಟ್ಟಗೆ ನಿಂತ ದಪ್ಪ ಎಲೆ, ನಡುವೆ ಹಸಿರು, ಎರಡೂ ಕಡೆ ಜರಿಯಂಚಿನ ಹಾಗೆ ಹಳದಿ. ನಮ್ಮೂರಿನ ಬಂಡೆಗಳು ಕಾದು ಕುಳಿತಾಗಲೂ ಅದು ಬಾಡುವುದಿಲ್ಲ. ಗಿರಿಜಾ ಅದನ್ನು ಹಿರಿಯೂರಿನ ನರ್ಸರಿಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದವಳು. ಕಂಡಕ್ಟರು ಕೇಳಿದ್ದರೆ ಅದಕ್ಕೂ ಟಿಕೆಟ್ ತೆಗೆಸುತ್ತಿದ್ದಳು.

ಹೊಸದುರ್ಗದಿಂದ ಬಂದ ನಮ್ಮ ಬೀಗಿತ್ತಿ, ಅಂದರೆ ಮಗಳ ಅತ್ತೆ, ಅದರ ಮುಂದೆ ನಿಂತೇಬಿಟ್ಟರು. "ಏನ್ ಅಂಚ್ರಿ ಬೀಗ್ರೆ ಇದು! ನಮಗೂ ಒಂದು ಕೊಡ್ರಿ." ನಾನು ತಿರುಗಿ ನೋಡುವಷ್ಟರಲ್ಲಿ ಗಿರಿಜಾ ಕುಂಡಕ್ಕೆ ಅಡ್ಡ ಬಂದಿದ್ದಳು. ಇಬ್ಬರಿಗೂ ಬೇಜಾರಾಗಬಾರದು. "ಮರಿ ಮಾಡಿ ಕೊಡ್ತೀನ್ರಿ" ಎಂದೆ. ಒಂದು ಎಲೆ ಕುಯ್ದು, ತುಂಡು ಮಾಡಿ, ಮರಳಿನಲ್ಲಿ ಊರಿದೆ. ಬೇರು ಬಂತು, ಮರಿಯೂ ಮೂತಿ ತೋರಿಸಿತು. ಅಂಚು ಮಾತ್ರ ಇಲ್ಲ. ಮೀಸೆಯ ಹಾಗೆ ವಯಸ್ಸಿಗೆ ಬಂದಾಗ ಮೂಡುತ್ತದೆ ಎಂದುಕೊಂಡು, ಬಣ್ಣದ ಕುಂಡದಲ್ಲಿಟ್ಟು ಕಳಿಸಿಕೊಟ್ಟೆ.

ಗಿಡ ಮೊಣಕಾಲುದ್ದವಾದರೂ ಮೀಸೆ ಬರಲಿಲ್ಲ. ಮಗಳ ಫೋನ್ ಬಂತು. "ಅಪ್ಪಾ, ಅತ್ತೆ ಊಟಕ್ಕೆ ಕುಂತಾಗೆಲ್ಲ ಆ ಗಿಡ ನೋಡಿ ಉಸಿರು ಬಿಡ್ತಾರೆ. 'ನಿಮ್ಮಪ್ಪ ಅಂಚು ಕಿತ್ಕಂಡು ಸೀರೆ ಕೊಟ್ರು' ಅಂತಾರೆ. ನನಗೆ ಅನ್ನ ಇಳಿಯಲ್ಲ."

ನನ್ನ ತಮ್ಮನ ಮಗಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಾಳೆ. ಅವಳನ್ನು ಕರೆಸಿದೆ. ಮರಳಿನಲ್ಲಿ ಉಳಿದಿದ್ದ ಮರಿಗಳನ್ನು ನೋಡಿ ನಕ್ಕಳು. "ದೊಡ್ಡಪ್ಪಾ, ಇದು ನೋಡಾಕೆ ಒಂದು ಗಿಡ, ಒಳಗೆ ಎರಡು ವಂಶ ಐತೆ. ಹಳದಿ ಜೀವಕೋಶದ್ದೊಂದು, ಹಸಿರಿಂದೊಂದು. ಎಲೆ ತುಂಡಿಂದ ಹುಟ್ಟೋ ಮರಿ ಹಸಿರಿನ ವಂಶದ್ದು. ಅಂಚು ಬೇಕಂದ್ರೆ ಬುಡದ ಗೆಡ್ಡೆನೇ ಭಾಗ ಮಾಡ್ಬೇಕು."

"ಹಂಗಾರೆ ಆ ಹಳದಿ ಏನು ಕೆಲಸ ಮಾಡ್ತೈತೆ?" ಎಂದಳು ಗಿರಿಜಾ.

"ಏನಿಲ್ಲ ದೊಡ್ಡಮ್ಮಾ. ಬಿಸಿಲಲ್ಲಿ ಅಡುಗೆ ಮಾಡೋದು ಹಸಿರು. ಅಂಚು ಅದನ್ನ ಉಂಡ್ಕಂಡು ಚೆಂದ ಕಾಣ್ತೈತೆ, ಅಷ್ಟೆ."

ಗಿರಿಜಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಚೆಂದನಾದ್ರೂ ಕಾಣ್ತೈತಲ್ಲ, ಬಿಡು" ಎಂದಳು.

ಈ ಜ್ಞಾನವನ್ನೆಲ್ಲ ಫೋನಿನಲ್ಲಿ ಬೀಗಿತ್ತಿಗೆ ವಿಸ್ತಾರವಾಗಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. "ಇರ್ಲಿ ಬಿಡ್ರಿ ಬೀಗ್ರೆ. ಕೊಡಾಕೆ ಮನಸ್ಸಿಲ್ಲದಿದ್ರೆ ಪಾಪ, ಆ ಜೀವಕೋಶದ ಮೇಲ್ಯಾಕೆ ಹಾಕ್ತೀರಿ?"

ಕೊನೆಗೆ ಸೋತವಳು ಗಿರಿಜಾ. "ಮಗಳು ನೆಮ್ಮದಿಯಾಗಿ ಉಣ್ಲಿ" ಎಂದು ತಾನೇ ಕುಂಡ ಬೋರಲು ಹಾಕಿದಳು. ಗೆಡ್ಡೆಯ ಮೇಲೆ ಚಾಕು ಇಟ್ಟವಳು, "ನೀವೇ ಕುಯ್ರಿ, ನಾನು ನೋಡಲ್ಲ" ಎಂದು ಒಳಗೆ ಹೋದಳು. ದೊಡ್ಡ ಪಾಲನ್ನೇ ಹೊಸದುರ್ಗಕ್ಕೆ ಒಯ್ದೆವು.

ಬೀಗಿತ್ತಿ ಸೀರೆ ಅಂಗಡಿಯಲ್ಲಿ ಕುಳಿತವರ ಹಾಗೆ ಅಂಚಿನುದ್ದಕ್ಕೂ ಬೆರಳಾಡಿಸಿದರು. "ಬರ್ರಿ, ಕುಂತ್ಕಳ್ರಿ" ಎಂದು ಹೋಳಿಗೆ ಬಡಿಸಿ, ಕೈಯಾರೆ ತುಪ್ಪ ಸುರಿದರು. ಮಗಳ ಮುಖ ಅರಳಿತು. ಗಿರಿಜಾಳದ್ದೂ ಅರಳುವುದರಲ್ಲಿತ್ತು. ಅಷ್ಟರಲ್ಲಿ ಬೀಗಿತ್ತಿ ಕತ್ತರಿ ತಂದರು. ಹೊಳಲ್ಕೆರೆಯಲ್ಲಿ ಅವರ ಮಗಳನ್ನು ಕೊಟ್ಟ ಮನೆಯಿದೆ.

"ನನ್ ಮಗಳ ಅತ್ತೆನೂ ಇಂಥದ್ದು ಕೇಳ್ಯಾರೆ ಬೀಗ್ರೆ. ಇಡೀ ಗಿಡ ಯಾರು ಕೊಡ್ತಾರೆ ಹೇಳ್ರಿ? ಒಂದೆಲೆ ಸಾಕಲ್ವಾ?"

ಗಿರಿಜಾ ನನ್ನ ಪಕ್ಕೆ ತಿವಿದಳು. ಜೀವಕೋಶದ ಪಾಠ ಮತ್ತೊಮ್ಮೆ ಶುರು ಮಾಡಲು ಬಾಯಿ ತೆರೆದೆ. ಮೊದಲ ಪಾಠದ ಫಲ ನೆನಪಾಯಿತು. ತೆರೆದ ಬಾಯನ್ನು ಖಾಲಿ ಮುಚ್ಚಬಾರದೆಂದು ಹೋಳಿಗೆಯ ಚೂರೊಂದನ್ನು ಒಳಗಿಟ್ಟುಕೊಂಡೆ. ಬೇರೆಯವರು ಬೇಯಿಸಿದ್ದನ್ನು ಉಂಡು ತೆಪ್ಪಗಿರುವುದು ತಾನೇ ಅಂಚಿನ ಕೆಲಸ?