ಅಮ್ಮನ ಗುಡಿಗೆ ಬಂದ ಹೊರದೇಶದ ನೆಂಟರು

ತರಗತಿಯಲ್ಲಿ ನಗು ಕೂಡದು ಎಂಬುದು ನನ್ನ ನಿಯಮ. ಆದರೆ ದೇವರುಗಳ ವಿಷಯ ಎತ್ತಿಕೊಂಡಾಗಿನಿಂದ ಪ್ರತಿ ಭಾನುವಾರವೂ ಯಾರಾದರೊಬ್ಬರು ಅದನ್ನು ಮುರಿಯುತ್ತಲೇ ಇದ್ದಾರೆ.

ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ಮೇಲೆ, ಸಾರಕ್ಕಿಯ ಕಡೆಯ ಒಂದು ಗ್ರಾಮದೇವತೆಯ ಗುಡಿಯ ಸಭಾಂಗಣದಲ್ಲಿ ಮಕ್ಕಳಿಗೆ ಬೇರೆ ಬೇರೆ ನಾಡುಗಳ ದೇವದೇವತೆಯರ ಕಥೆ ಹೇಳುತ್ತಿದ್ದೇನೆ. ಗುಡಿಯ ಧರ್ಮದರ್ಶಿಗಳು ಒಂದು ಕಾಲಕ್ಕೆ ಇದೇ ನೆಲದಲ್ಲಿ ರಾಗಿ ಬೆಳೆದವರು. ಈಗ ಅದೇ ನೆಲದಲ್ಲಿ ಕಟ್ಟಡ ಎಬ್ಬಿಸಿ ಬಾಡಿಗೆ ಬೆಳೆಯುತ್ತಾರೆ. ಅನುಮತಿ ಕೊಡುವಾಗಲೇ ಹೇಳಿದ್ದರು: "ದಸರಾಗಂಟ ನಡೆಸಿ ಮೇಡಂ. ಆಮೇಲೆ ನೋಡುವ. ಝುಂಬಾ ಡ್ಯಾನ್ಸ್ ಕ್ಲಾಸಿನವ್ರು ಹಾಲ್ ಕೇಳ್ತಾವ್ರೆ." ಸಭಾಂಗಣ ಹೋದರೆ ತರಗತಿಯೂ ಹೋಗುತ್ತದೆ. ಅಷ್ಟು ಮಕ್ಕಳನ್ನು ಕೂರಿಸುವ ಜಾಗ ನನ್ನ ಮನೆಯಲ್ಲಿಲ್ಲ.

೧. ವರ್ಗಾವಣೆ

ಮೊದಲ ಪಾಠ ಗ್ರೀಕರ ಜೀಯಸ್. ದೇವತೆಗಳ ರಾಜ, ಮೋಡಗಳ ಒಡೆಯ, ಕೈಯಲ್ಲಿ ಸಿಡಿಲು, ನಡತೆ ಅಷ್ಟಕ್ಕಷ್ಟೆ. ಇಷ್ಟನ್ನು ಕರಿಹಲಗೆಯ ಮೇಲೆ ಬರೆದೆ. ಮುಂದಿನ ಸಾಲಿನ ಹುಡುಗಿ ಕೈಯೆತ್ತಿದಳು.

"ಮಿಸ್, ಇವನು ನಮ್ಮ ಇಂದ್ರ."

"ಅಲ್ಲ. ಇವನು ಬೇರೆ. ಊರೂ ಬೇರೆ."

"ಇಂದ್ರನೇ ಮಿಸ್. ಕಂಪ್ಲೇಂಟ್ ಜಾಸ್ತಿ ಆಗಿರುತ್ತೆ, ಟ್ರಾನ್ಸ್‌ಫರ್ ಮಾಡಿರ್ತಾರೆ. ನಮ್ಮಪ್ಪನ ಆಫೀಸಲ್ಲೂ ಹಂಗೇ."

ನಾನು ಕರಿಹಲಗೆಯ ಕಡೆಗೆ ತಿರುಗಿ, ಅಳಿಸಬೇಕಿಲ್ಲದ ಒಂದು ಸಾಲನ್ನು ಬಹಳ ಹೊತ್ತು ಅಳಿಸಿದೆ.

೨. ಬೆಕ್ಕಿನ ಬಡ್ತಿ

ಗುಡಿಯಲ್ಲಿ ಒಂದು ಕಳ್ಳ ಬೆಕ್ಕಿದೆ. ಅಭಿಷೇಕಕ್ಕೆ ತಂದ ಹಾಲಿನ ಮೇಲೆ ಅದರ ಕಣ್ಣು. ಅದರ ಮೇಲೆ ಅರ್ಚಕರ ಕೋಲು. ಪ್ರಾಚೀನ ಈಜಿಪ್ಟಿನಲ್ಲಿ ಬೆಕ್ಕಿನ ಮುಖದ ದೇವಿಯೊಬ್ಬಳಿದ್ದಳು, ಅಲ್ಲಿ ಬೆಕ್ಕನ್ನು ಕೊಂದವರಿಗೆ ಉಳಿಗಾಲವಿರಲಿಲ್ಲ ಎಂದು ಪಾಠ ಮಾಡಿದೆ. ಮುಂದಿನ ಭಾನುವಾರ ಅರ್ಚಕರು ಸಭಾಂಗಣದ ಬಾಗಿಲಲ್ಲೇ ನನ್ನನ್ನು ತಡೆದರು. ಮುಖ ಗಂಟಿಕ್ಕಿತ್ತು.

"ಏನಮ್ಮಾ ಹೇಳ್ಕೊಟ್ಟಿದ್ದೀರಿ? ಕೋಲು ಎತ್ತಿದ್ರೆ ಮಕ್ಕಳೆಲ್ಲ ಅಡ್ಡ ನಿಲ್ತಾವೆ. ಬೆಕ್ಕಿನ ಹಣೆಗೆ ಕುಂಕುಮ ಬೇರೆ ಇಟ್ಟಿದ್ದಾವೆ."

"ಪ್ರಾಣಿದಯೆ ಒಳ್ಳೆಯದೇ ಅಲ್ಲವೇ?"

"ದಯೆ ಇರ್ಲಿ ತಾಯಿ. ಇಷ್ಟು ದಿನ ಅದು ಕದ್ದು ಕುಡೀತಿತ್ತು. ಈಗ ನೈವೇದ್ಯ ಅಂತ ಕೂತ್ಕೊಂಡು ಕುಡೀತಿದೆ!"

೩. ಬಾಯಿಗೆ ಬೆಲ್ಲ

ಚೀನೀಯರ ಅಡುಗೆಮನೆಯಲ್ಲಿ ಒಬ್ಬ ದೇವರಿರುತ್ತಾನೆ. ವರ್ಷದ ಕೊನೆಗೆ ಸ್ವರ್ಗಕ್ಕೆ ಹೋಗಿ ಆ ಮನೆಯವರ ನಡತೆಯನ್ನು ವರದಿ ಮಾಡುವುದು ಅವನ ಕೆಲಸ. ಅದಕ್ಕೇ ಹೊರಡುವ ಮುಂಚೆ ಮನೆಯವರು ಅವನ ಬಾಯಿಗೆ ಜೇನು ಸವರುತ್ತಾರೆ. ಇದನ್ನು ಹೇಳಿ ಮುಗಿಸಿದೆನೋ ಇಲ್ಲವೋ, ಒಬ್ಬ ಹುಡುಗ ಎದ್ದು ನಿಂತ.

"ಮಿಸ್, ನಮ್ಮನೇಲೂ ಹಂಗೇ. ಅಜ್ಜಿ ಅತ್ತೆಗೆ ಫೋನ್ ಮಾಡೋಕೆ ಮುಂಚೆ ಅಮ್ಮ ಬಿಸಿ ಹೋಳಿಗೆ ಕೊಟ್ಬಿಡ್ತಾಳೆ."

ಅವನನ್ನು ಕರೆದೊಯ್ಯಲು ಬಂದಿದ್ದ ಅದೇ ಅಜ್ಜಿ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ನಾನು ಗಾಬರಿಯಾದೆ. ಆಕೆ ಮಾತ್ರ ಶಾಂತವಾಗಿ ಹೇಳಿದರು: "ತುಪ್ಪ ಕಮ್ಮಿ ಹಾಕ್ತಾಳೆ, ಅದನ್ನೂ ಹೇಳು."

೪. ತವರಿಗೆ ಬರುವ ಮಗಳು

ದಸರೆ ಬಂತು. ಗೊಂಬೆ ಕೂರಿಸುವ ಕಾಲ. ತರಗತಿಯ ಪರೀಕ್ಷೆ ಎಂದು, ಕಲಿತ ದೇವರುಗಳನ್ನು ಜೇಡಿಮಣ್ಣಿನಲ್ಲಿ ಮಾಡಿ ಸಭಾಂಗಣದಲ್ಲಿ ಮೆಟ್ಟಿಲಿನ ಮೇಲೆ ಕೂರಿಸುವಂತೆ ಮಕ್ಕಳಿಗೆ ಆಜ್ಞಾಪಿಸಿದೆ. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಗುಡಿಯ ಸಮಿತಿಯವರಿಗೆ ಕಂಡಿತು. "ನಮ್ಮಮ್ಮನ ಎದುರಿಗೆ ಬೇರೆಯವರ ದೇವ್ರು ಯಾಕೆ?" ಎಂದರು. ಧರ್ಮದರ್ಶಿಗಳು ತೀರ್ಪನ್ನು ತಮ್ಮ ತಾಯಿಗೆ ಬಿಟ್ಟರು. ಆಕೆ ಊರಿಗೇ ಹಿರಿಯರು.

"ಅವ್ವ ಬ್ಯಾಡ ಅಂದ್ರೆ ನಾಳೆಯಿಂದ ಝುಂಬಾ, ಮೇಡಂ. ಬೇಜಾರು ಮಾಡ್ಕೋಬೇಡಿ."

ಸಂಜೆ ಆಕೆ, ಮಗ ಮತ್ತು ಸಮಿತಿಯವರ ಜೊತೆ, ಗುಡಿಗೆಂದು ತಂದ ಅರಿಶಿನ ಕುಂಕುಮದ ತಟ್ಟೆಯೊಡನೆ ಸಭಾಂಗಣಕ್ಕೆ ಬಂದರು. ಮಕ್ಕಳು ಎದ್ದು ನಿಂತರು. ನಾನೂ. ಆಕೆ ಒಂದೊಂದೇ ಗೊಂಬೆಯನ್ನು ನೋಡುತ್ತ ಬಂದು ಗ್ರೀಕರ ಧಾನ್ಯದೇವತೆಯ ಮುಂದೆ ನಿಂತರು. ಅವಳ ಕೈಯಲ್ಲಿ ಗೋಧಿಯ ತೆನೆ ಇರಬೇಕೆಂದು ನಾನು ಸ್ಪಷ್ಟವಾಗಿ ತಿಳಿಸಿದ್ದೆ. ಗೋಧಿ ಸಿಗದೆ ಮಕ್ಕಳು ರಾಗಿ ತೆನೆ ಸಿಕ್ಕಿಸಿದ್ದರು.

"ಮೇಷ್ಟ್ರಮ್ಮಾ, ಯಾರು ಇವಳು? ನಮ್ ರಾಗಿ ಹಿಡ್ಕೊಂಡವ್ಳೆ."

ಹೇಳಿದೆ. ಇವಳು ಹೊಲಗಳ ತಾಯಿ. ಇವಳ ಮಗಳನ್ನು ಪಾತಾಳದ ರಾಜ ಹೊತ್ತೊಯ್ದ. ಆ ಸಂಕಟಕ್ಕೆ ಇವಳು ಭೂಮಿಯಲ್ಲಿ ಬೆಳೆಯನ್ನೇ ನಿಲ್ಲಿಸಿದಳು. ಕೊನೆಗೆ ದೇವತೆಗಳು ರಾಜಿ ಮಾಡಿಸಿದರು: ಮಗಳು ವರ್ಷದಲ್ಲಿ ಕೆಲವು ತಿಂಗಳು ಗಂಡನ ಬಳಿ, ಮಿಕ್ಕ ತಿಂಗಳು ತಾಯಿಯ ಬಳಿ.

"ತಾಯಿ ತಾವಕ್ಕೆ ಯಾವಾಗ ಬತ್ತಾಳೆ?"

"ವಸಂತದಲ್ಲಿ. ನಮ್ಮ ಯುಗಾದಿಯ ಹೊತ್ತಿಗೆ."

ಆಕೆ ತಟ್ಟೆಯಿಂದ ರವಿಕೆ ಕಣ, ಅಕ್ಕಿ, ಬೆಲ್ಲ, ತೆಂಗಿನಕಾಯಿ ತೆಗೆದು ಆ ಮಣ್ಣಿನ ದೇವಿಗೆ ಮಡಿಲು ತುಂಬಿದರು. ತೆಂಗಿನಕಾಯಿ ದೇವಿಗಿಂತ ದೊಡ್ಡದಿತ್ತು. ಆಮೇಲೆ ಮಗನ ಕಡೆಗೆ ತಿರುಗಿದರು.

"ಏನ್ಲಾ, ಈ ಹಾಲ್ನ ಯಾರಿಗೋ ಕುಣಿಯೋಕೆ ಕೊಡ್ತೀಯಂತೆ? ಯುಗಾದಿಗೆ ಈಕೆ ಮಗಳು ಬಂದ್ರೆ ಎಲ್ಲಿ ಇಳ್ಕೋಬೇಕು?"

"ಅವ್ವಾ, ಅದು ಕತೆ..."

"ಕತೇನೋ ಗಿತೇನೋ, ಮಡಿಲು ತುಂಬಿದ್ದಾಯ್ತು. ಇನ್ ಮ್ಯಾಲೆ ಇದೇ ಆ ಮಗೀನ ತವರು."

ಧರ್ಮದರ್ಶಿಗಳು ವ್ಯವಹಾರ ಬಲ್ಲವರು. ಸ್ವಲ್ಪ ಯೋಚಿಸಿ ಹೇಳಿದರು: "ಸರಿ ಅವ್ವಾ. ಮಗಳು ಬಂದಾಗ ಮೇಡಂ ಪಾಠ ಮಾಡ್ಲಿ. ಗಂಡನ ಮನೇಲಿ ಇರೋ ತಿಂಗಳು ಝುಂಬಾದವ್ರು ಕುಣ್ಕೊಳ್ಳಿ."

"ಮಗಳು ಇಲ್ಲ ಅಂತ ಅಳೋ ತಾಯಿ ಎದುರಿಗೆ ಕುಣಿಸ್ತೀಯೇನ್ಲಾ? ಲೋಕದ ಬೆಳೆ ನಿಲ್ಲಿಸ್ದವ್ಳು! ನಿನ್ ಬಾಡಿಗೆ ನಿಲ್ಲಿಸೋಕೆ ಎಷ್ಟೊತ್ತು?"

ಸಮಿತಿಯವರು ಆಗಲೇ ತಮ್ಮ ಆಕ್ಷೇಪ ಹಿಂತೆಗೆದುಕೊಂಡರು. ಅವರಿಗೂ ಬಾಡಿಗೆಗೆ ಕೊಟ್ಟ ಮನೆಗಳಿದ್ದವು. ಧರ್ಮದರ್ಶಿಗಳು ಜೇಬಿನಿಂದ ಸಭಾಂಗಣದ ಬೀಗದ ಕೈ ತೆಗೆದರು; ಗ್ರೀಕರ ದೇವಿಯ ಪಾದಕ್ಕೆ ಮುಟ್ಟಿಸಿ, ಕಣ್ಣಿಗೊತ್ತಿಕೊಂಡು, ಎರಡೂ ಕೈಯಿಂದ ನನಗೆ ಕೊಟ್ಟರು.