ಕೈಪಂಪಿನ ಉತ್ತರಕ್ರಿಯೆ

ಖಂಡೋದ್ಧಾರ ಪ್ರತಿಷ್ಠಾನದ ದಾಖಲೆಗಳ ಪ್ರಕಾರ ಮಲಾವಿ ದೇಶದ ಚಿಲಿಂಬಾ ಗ್ರಾಮದ ಕೈಪಂಪು ಕೆಟ್ಟಿದೆ. ಅದು ಹೀಗೆ ನಿಷ್ಠೆಯಿಂದ ಕೆಟ್ಟೇ ಇದ್ದುದರಿಂದ ಮೂವರು ಯುವ ಪದವೀಧರರು ಪ್ರತಿಷ್ಠಾನದ ವಿದ್ಯಾರ್ಥಿವೇತನದಲ್ಲಿ ಅಭಿವೃದ್ಧಿ ಅಧ್ಯಯನದ ಸ್ನಾತಕೋತ್ತರ ಪದವಿ ಪಡೆದು, ಮೂರು ರಾಜಧಾನಿಗಳಲ್ಲಿ ಒಳ್ಳೊಳ್ಳೆಯ ನೌಕರಿಯಲ್ಲಿದ್ದಾರೆ. ಮೊದಲನೆಯವನು ಪಂಪು ಕೆಟ್ಟ ಇತಿಹಾಸ ಬರೆದ. ಎರಡನೆಯವಳು ಕೆಟ್ಟ ಪಂಪಿನ ಸುತ್ತ ಬೆಳೆದ ಮಹಿಳಾ ನಾಯಕತ್ವದ ಬಗ್ಗೆ ಬರೆದಳು. ಮೂರನೆಯವನು ಮೊದಲಿಬ್ಬರು ಬರೆದದ್ದು ಸರಿಯಿಲ್ಲವೆಂದು ಬರೆದ.

ನಾಲ್ಕನೆಯವಳಾಗಿ ಬಂದವಳು ಅಲಿನಾಫೆ ಕಚಿಂಗ್ವೆ. ಸರೋವರದ ದಡದಲ್ಲಿ ಒಣಮೀನು ಮಾರುವವಳ ಮಗಳು. ಅವಳು ಆಯ್ಕೆಯಾದ ಸುದ್ದಿ ಬಂದ ದಿನ ಅವಳಮ್ಮ ಬುಟ್ಟಿಯನ್ನು ಇಟ್ಟಲ್ಲೇ ಬಿಟ್ಟು ಸಂತೆ ತುಂಬ ಕುಣಿದಿದ್ದಳು, ಬೆಕ್ಕುಗಳಿಗೆ ಹಬ್ಬವಾಗಿತ್ತು. ಹಳ್ಳಿಯಲ್ಲಿ ನಾಲ್ಕು ತಿಂಗಳ ತರಬೇತಿ ಮುಗಿಸಿದರೆ ಅಲಿನಾಫೆಗೆ ಪದವಿ. ಇಲ್ಲದಿದ್ದರೆ ಅಮ್ಮನ ಪಕ್ಕದಲ್ಲಿ ಇನ್ನೊಂದು ಬುಟ್ಟಿ.

ನಿಯಮ ಸರಳವಾಗಿತ್ತು. "ವಿದ್ಯಾರ್ಥಿಯು ಗ್ರಾಮದ ಒಂದು ಸಮಸ್ಯೆಯನ್ನು ಅಧ್ಯಯನ ಮಾಡತಕ್ಕದ್ದು. ಮೇಲ್ವಿಚಾರಕರ ಭೇಟಿಯ ದಿನ ಸದರಿ ಸಮಸ್ಯೆಯು ಸ್ಥಳದಲ್ಲಿ ಹಾಜರಿರತಕ್ಕದ್ದು. ಸಮಸ್ಯೆ ಗೈರುಹಾಜರಾದಲ್ಲಿ ವಿದ್ಯಾರ್ಥಿಯೂ ಗೈರುಹಾಜರೆಂದು ಪರಿಗಣಿಸಲಾಗುವುದು."

ಅಲಿನಾಫೆ ಇದನ್ನು ಓದಿರಲಿಲ್ಲವೆಂದಲ್ಲ. ಆದರೆ ಹೊಳೆಯಿಂದ ದಿಬ್ಬದ ಮೇಲಿನ ಊರಿಗೆ ಬಕೆಟ್ಟು ಹೊತ್ತು ಹೊತ್ತು ಅವಳ ಕುತ್ತಿಗೆ ಹಿಡಿದುಕೊಂಡಿತ್ತು. ಅವಳ ಊರಿನಲ್ಲಿ ಪಂಪನ್ನು ಬಿಚ್ಚಿ ಕಟ್ಟುವುದು ಹೆಣ್ಣುಮಕ್ಕಳ ಕೆಲಸ. ಕೆಟ್ಟ ಪಂಪು ಕಂಡರೆ ಅವರ ಕೈ ಸುಮ್ಮನಿರದು. ಸೈಕಲ್ ರಿಪೇರಿಯವನ ಹತ್ತಿರ ಸ್ಪ್ಯಾನರ್ ಇಸಕೊಂಡಳು, ಹಳೆಯ ಟ್ಯೂಬಿನಿಂದ ಒಂದು ವಾಷರ್ ಕತ್ತರಿಸಿದಳು, ಹಾಕಿದಳು, ಒತ್ತಿದಳು. ನೀರು ಬಂತು.

ಹೆಂಗಸರು ಉಲುಲು ಎಂದು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ಊರ ಗೌಡ್ತಿ ಮಾತ್ರ ತಲೆಯ ಮೇಲೆ ಕೈಹೊತ್ತು ಕೂತಳು.

"ಯಾರೇ ನಿಂಗೆ ರಿಪೇರಿ ಮಾಡು ಅಂದಿದ್ದು?"

"ನೀರು ಬೇಕಿತ್ತಲ್ಲ ಅಜ್ಜಿ."

"ನೀರು ಯಾರಿಗೆ ಬೇಡ? ಹಾಗಂತ ಪಂಪಿಗೆ ಕೈ ಹಾಕೋದಾ? ನಮಗೇನು ಬರ್ತಿರಲಿಲ್ಲ ಅಂದ್ಕೊಂಡ್ಯಾ? ಅದು ಕೆಟ್ಟಿದೆ ಅಂತ ತಾನೇ ನಿಮ್ಮ ಪ್ರತಿಷ್ಠಾನದವರು ಶಾಲೆಯ ಚಾವಣಿಗೆ ತಗಡು ಕೊಟ್ಟಿದ್ದು. ತಗಡು ಬಂದಿದೆ ಕಣೇ, ಗೋಡೆ ಇನ್ನೂ ಬರಬೇಕು!"

ಆಗಲೇ ಅಲಿನಾಫೆಗೆ ನಿಯಮ ಪೂರ್ತಿಯಾಗಿ ಅರ್ಥವಾದದ್ದು. ರಾಜಧಾನಿ ಲಿಲೊಂಗ್ವೆಯಲ್ಲಿದ್ದ ಮೇಲ್ವಿಚಾರಕ ವೈಸ್‌ಮನ್ ಮ್ಸೋಸಾ ಅವರಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು.

"ಸಮಸ್ಯೆ ಬಗೆಹರಿದಿದೆ ಅಂತ ಬರಿಯೋಕೆ ನಮ್ಮ ಫಾರಂನಲ್ಲಿ ಜಾಗನೇ ಇಲ್ಲಮ್ಮ," ಎಂದರು ಮ್ಸೋಸಾ. "ಯಾರೂ ಇದುವರೆಗೆ ಕೇಳಿಲ್ಲ. ಗುರುವಾರ ಬರ್ತೀನಿ. ಅಷ್ಟರೊಳಗೆ ಮೊದಲಿನ ಹಾಗೆ ಮಾಡಿಡು, ಜಾಣೆ."

ಅಲಿನಾಫೆ ಸ್ಪ್ಯಾನರ್ ಹಿಡಿದು ಹೋದಳು. ಪಂಪಿನ ಸುತ್ತ ಕೊಡಗಳ ಕೋಟೆ ಎದ್ದಿತ್ತು. ಎನಿಫಾ ಎಂಬ ದಪ್ಪ ಹೆಂಗಸು ಉಟ್ಟ ಬಟ್ಟೆಯ ಚುಂಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಬಾ ತಂಗಿ, ಬಿಚ್ಚು ನೋಡೋಣ. ಮೊದಲು ಏನು ಕಳಚಿ ಬೀಳುತ್ತೋ, ಆ ನಟ್ಟೋ, ನಿನ್ನ ಹಲ್ಲೋ!"

ಅಲಿನಾಫೆ ಬಂದ ದಾರಿಯಲ್ಲೇ ಹಿಂದಿರುಗಿ, ಗೌಡ್ತಿಯ ಜಗಲಿಯಲ್ಲಿ ಕೂತು ಅತ್ತಳು. ಗೌಡ್ತಿ ಅವಳ ಮುಂದೆ ಬೇಯಿಸಿದ ಗೆಣಸಿಟ್ಟು, ತಾನೂ ಒಂದು ಸುಲಿದುಕೊಂಡಳು.

"ಅತ್ತಿದ್ದು ಸಾಕು. ಸಾವಾದ್ರೆ ಏನು ಮಾಡ್ಬೇಕು ಅಂತಿದೆ ನಿಮ್ಮ ನಿಯಮದಲ್ಲಿ?"

ಸಾವಾದರೆ ಬ್ಯಾಂಕಿನವನೂ ಬಾಗಿಲು ಹಾಕಿ ಹೊರಡುವ ದೇಶ ಅದು. ಅಲಿನಾಫೆ ಕಣ್ಣೊರೆಸಿಕೊಂಡು ಓದಿದಳು. "ತರಬೇತಿ ಸ್ಥಳದಲ್ಲಿ ಮರಣ ಸಂಭವಿಸಿದಲ್ಲಿ, ನಾಡಿನ ಸಂಪ್ರದಾಯವನ್ನು ಗೌರವಿಸಿ, ಮೃತರಿಗೆ ಸಂಬಂಧಿಸಿದಂತೆ ಯಾವ ಪ್ರಶ್ನೆಯನ್ನೂ ಕೇಳದೆ, ತರಬೇತಿಯು ಯಶಸ್ವಿಯಾಗಿ ಮುಗಿದಿದೆಯೆಂದು ಭಾವಿಸತಕ್ಕದ್ದು." ಆಮೇಲೆ ತಲೆಯೆತ್ತಿದಳು. "ಆದ್ರೆ ಸತ್ತಿರೋದು ಯಾರು ಅಜ್ಜಿ?"

"ಕೆಟ್ಟಿದ್ದ ಪಂಪು ಎಲ್ಲಿದೆ, ತೋರಿಸು."

"ಈಗ ಇಲ್ಲವಲ್ಲ."

"ಮತ್ತೆ? ಹೋಯ್ತಲ್ಲ ಪಾಪ."

"ಹಾಗಾದ್ರೆ ಅಲ್ಲಿ ನಿಂತಿರೋದು?"

"ಸೋದರಮಾವ ಸತ್ತ ಮೇಲೆ ನನ್ನ ಕೂರಿಸಿ, ಇನ್ನು ಇವಳೇ ಚಿಲಿಂಬಾ ಅಂದ್ರು. ಗೌಡಿಕೆ ಬಂತು, ಈ ಊರಿನ ಗೌಡರಿಗೆಲ್ಲ ಇರೋ ಆ ಊರ ಹೆಸರೂ ಬಂತು. ಹಾಗಂತ ಯಾರಾದ್ರೂ ನನ್ನ ನೋಡಿ ಮಾವ ಬದುಕಿದ್ದಾನೆ ಅಂತಾರಾ? ಇದೂ ಹಂಗೇ. ತೀರಿಕೊಂಡವಳ ವಾರಸುದಾರ್ತಿ."

ಗುರುವಾರ ಬೆಳಗಾಗುತ್ತಲೇ ಡೋಲು ಬಡಿಯಿತು. ಮನೆಮನೆಯಿಂದ ತಟ್ಟೆ ತಟ್ಟೆ ಜೋಳದ ಹಿಟ್ಟು ಬಂತು, ಸೌದೆ ಬಂತು. ಗಂಡಸರು ಮರದ ಕೆಳಗೆ, ಹೆಂಗಸರು ಪಂಪಿನ ಸುತ್ತ ಕಾಲು ನೀಡಿ ಕೂತರು. ದಾರಿಹೋಕರು ಸೈಕಲ್ ಇಳಿದು ಟೋಪಿ ತೆಗೆದು ದಾಟಿದರು. ಸಾವಿನ ಗುರುತಾಗಿ ರಸ್ತೆಗೆ ಅಡ್ಡ ಹಾಕಿದ ಸೊಪ್ಪಿನ ಕೊಂಬೆ ಕಂಡು ಮ್ಸೋಸಾ ತಮ್ಮ ಜೀಪಿಗೂ ಒಂದು ಕೊಂಬೆ ಕಟ್ಟಿಕೊಂಡರು, ಮುಖಕ್ಕೆ ತಕ್ಕಷ್ಟು ದುಃಖ ತಂದುಕೊಂಡು, ಬಂದು ಗಂಡಸರ ಜೊತೆ ಕೂತರು.

"ಪ್ರತಿಷ್ಠಾನದ ಪರವಾಗಿ ಮಾನ್ಯ ಮ್ಸೋಸಾ ಅವರಿಂದ ಹೂಚಕ್ರ!" ಎಂದು ಘೋಷಣೆಯಾಯಿತು. ಹೂಚಕ್ರ ಕೈಗೆ ಬಂದ ಮೇಲೆಯೇ ಅವರು ಬಗ್ಗಿ ಅಲಿನಾಫೆಯನ್ನು ಕೇಳಿದ್ದು.

"ಹೋದವರು ಯಾರಮ್ಮ?"

"ಪಂಪು, ಸರ್."

ಸಾವಿನ ಮನೆಯಲ್ಲಿ ಹೂಚಕ್ರ ಹಿಡಿದು ನಿಂತವನು ವಾಪಸು ಕೂರುವ ಪದ್ಧತಿ ಆ ದೇಶದಲ್ಲಿಲ್ಲ. ಮ್ಸೋಸಾ ನಡೆದುಹೋಗಿ ಪಂಪಿನ ಬುಡದಲ್ಲಿ ಹೂವಿಟ್ಟರು, ಗಂಟಲು ಸರಿಮಾಡಿಕೊಂಡರು.

"ದಿವಂಗತರು ನಮ್ಮ ಸಂಸ್ಥೆಗೆ ಸಲ್ಲಿಸಿದ ಸೇವೆ ಅಪಾರ. ಮೂವರಿಗೆ ಪದವಿ ದಯಪಾಲಿಸಿದರು. ಪ್ರತಿಯಾಗಿ ಒಂದು ಹನಿ ಎಣ್ಣೆಯನ್ನೂ ಕೇಳಲಿಲ್ಲ. ಇಂಥ ಸಮಸ್ಯೆ ಮತ್ತೆ ಹುಟ್ಟುವುದು ಕಷ್ಟ."

ಎನಿಫಾ ಗೊಳೋ ಎಂದು ಅತ್ತಳು. ಅವಳು ಒಳ್ಳೆಯ ಭಾಷಣಕ್ಕೆ ಯಾವಾಗಲೂ ಅಳುವವಳು.

ಆಮೇಲೆ ಜೋಳದ ಮುದ್ದೆ, ಕಾಳಿನ ಸಾರಿನ ಊಟ. ಮ್ಸೋಸಾ ನೀರು ಕುಡಿದು ಲೋಟ ನೋಡಿದರು.

"ತಣ್ಣಗಿದೆ. ಎಲ್ಲಿಯದು?"

"ಮೃತರ ವಾರಸುದಾರ್ತಿಯದು ಸರ್," ಎಂದಳು ಅಲಿನಾಫೆ.

"ಒಳ್ಳೆ ಮನೆತನ," ಎಂದು ಇನ್ನೊಂದು ಲೋಟ ಕೇಳಿದರು.

ತರಬೇತಿ ಮುಗಿದಿದೆಯೆಂದು ಮರುದಿನವೇ ಆದೇಶವಾಯಿತು. ಅಲಿನಾಫೆ ಉನ್ನತ ದರ್ಜೆಯಲ್ಲಿ ಪಾಸಾದಳು. ಸರೋವರದ ದಡದ ಬೆಕ್ಕುಗಳಿಗೆ ಮತ್ತೊಂದು ಹಬ್ಬ. ಪ್ರತಿಷ್ಠಾನವು ದಿವಂಗತರ ಭಾವಚಿತ್ರಕ್ಕೆ ಕಟ್ಟು ಹಾಕಿಸಿ ಕಚೇರಿಯಲ್ಲಿ ತೂಗುಹಾಕಿತು. ದುಃಖತಪ್ತ ಗ್ರಾಮವನ್ನು ಕೈಬಿಡುವುದು ಅಮಾನವೀಯವೆಂದು ತೀರ್ಮಾನಿಸಿ, ಶಾಲೆಯ ಗೋಡೆಗಳನ್ನು ಮಂಜೂರು ಮಾಡಿ, "ಪಂಪಿನ ಅಗಲಿಕೆಯ ನಂತರ ಚಿಲಿಂಬಾದ ಶೋಕ" ಎಂಬ ವಿಷಯದ ಅಧ್ಯಯನಕ್ಕೆ ನೆರೆದೇಶದ ಲುಸಾಕಾದ ಒಬ್ಬ ಪದವೀಧರನನ್ನು ಕಳಿಸಿತು.

ಅವನು ಬಸ್ಸಿಳಿದು ಬಂದಾಗ ಹೆಂಗಸರು ಪಂಪು ಒತ್ತುತ್ತಾ ನಗುತ್ತಿದ್ದರು. ಅವನು ಟೋಪಿ ತೆಗೆದು, ತಲೆ ತಗ್ಗಿಸಿ, ಸಂತಾಪ ಸೂಚಿಸಿದ. ಹೆಂಗಸರು ಕೊಡ ಕೆಳಗಿಟ್ಟು ಮರ್ಯಾದೆಯಾಗಿ ಒಂದು ಸುತ್ತು ಅತ್ತು, ಮತ್ತೆ ಕೊಡ ಎತ್ತಿಕೊಂಡರು.

ಗೌಡ್ತಿ ಅವನಿಗೆ ಒಂದು ಲೋಟ ನೀರು ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡಳು. ಎದುರಿಗೆ ಮೊಣಕಾಲೆತ್ತರ ಎದ್ದಿದ್ದ ಶಾಲೆಯ ಗೋಡೆಯನ್ನು ತೋರಿಸಿದಳು.

"ನೋಡು ಮಗನೇ, ಏನು ಬೇಕಾದ್ರೂ ಕೇಳು, ಎಷ್ಟು ಬೇಕಾದ್ರೂ ಬರಿ. ಗೋಡೆ ಮುಗಿಯೋವರೆಗೆ ನಮ್ಮನ್ನ ಸಮಾಧಾನ ಮಾತ್ರ ಮಾಡಬೇಡ."