ತಪಾಸಣೆ ದಿನದ ಟೀಚರು

ತಾಪತ್ರಯ ಶುರುವಾದದ್ದು ಒಂದು ನಮೂನೆಯ ಏಳನೇ ಕಲಮಿನಿಂದ. 'ಶಿಕ್ಷಕಿಯ ವಿದ್ಯಾರ್ಹತೆ' ಎಂದು ಅಚ್ಚಾಗಿದ್ದ ಆ ಕಲಮಿನ ಎದುರು ಮೂರಂಗುಲ ಜಾಗ ಖಾಲಿ ಇತ್ತು. ಹನ್ನೊಂದು ವರ್ಷದಿಂದ ಆ ಶಿಶುವಿಹಾರದಲ್ಲಿ ಮಕ್ಕಳಿಗೆ ಹಾಡು, ಕತೆ, ಮಣ್ಣಾಟ ಎಲ್ಲ ಕಲಿಸುತ್ತಿದ್ದ ದೊಡ್ಡಕ್ಕನ ಬಳಿ ಆ ಮೂರಂಗುಲ ತುಂಬುವಂಥದ್ದು ಏನೂ ಇರಲಿಲ್ಲ. ತರಬೇತಿಗೆ ಸೇರಿದ ವರ್ಷವೇ ತಾಯಿ ಹಾಸಿಗೆ ಹಿಡಿದಿದ್ದರು. ಜತೆಯವರು ಪರೀಕ್ಷೆ ಮುಗಿಸುವ ಹೊತ್ತಿಗೆ ಇವಳಿಗೆ ತಾಯಿಯೂ ಉಳಿದಿರಲಿಲ್ಲ, ಸರ್ಟಿಫಿಕೇಟೂ ಸಿಕ್ಕಿರಲಿಲ್ಲ.

ದೊಡ್ಡಕ್ಕ ಎಂದು ಕರೆದವರು ಮಕ್ಕಳು. ಆಮೇಲೆ ಅವರ ಅಪ್ಪ ಅಮ್ಮಂದಿರು ಕರೆದರು, ಕೊನೆಗೆ ಶಿಶುವಿಹಾರದ ಯಜಮಾನಿಯೂ ಕರೆದರು. ಅವಳಿಗೊಂದು ಬೇರೆ ಹೆಸರಿದೆ ಎನ್ನುವುದು ಹಾಜರಿ ಪುಸ್ತಕಕ್ಕೆ ಮಾತ್ರ ನೆನಪಿತ್ತು.

ಆ ದಿನ ಬೆಳಿಗ್ಗೆ ಎಂಟಕ್ಕೆ ಫೋನು ಬಂತು. ಗುಣಮಟ್ಟ ನೋಡುವವರು ಹತ್ತು ಗಂಟೆಗೆ ಬರುತ್ತಾರಂತೆ, ನಮೂನೆ ಭರ್ತಿಯಾಗಿರಬೇಕಂತೆ. ಯಜಮಾನಿ ಪೆನ್ನು ಹಿಡಿದು ಏಳನೇ ಕಲಮಿನವರೆಗೆ ಬಂದು ನಿಂತರು. ಅಷ್ಟರಲ್ಲಿ, ಯಾರೂ ಕರೆಯದಿದ್ದರೂ, ಮಹಡಿಯ ನಿವೃತ್ತ ಗುಮಾಸ್ತರು ಚಪ್ಪಲಿ ಪಟಪಟ ಬಡಿಯುತ್ತ ಇಳಿದು ಬಂದರು. ಮೂವತ್ತೈದು ವರ್ಷ ಕಚೇರಿಯಲ್ಲಿ ಫೈಲು ತಿಂದು ಬದುಕಿದವರು. ಖಾಲಿ ಕಲಮು ಕಂಡರೆ ಅವರಿಗೆ ಹಸಿವಾಗುತ್ತಿತ್ತು.

ಗುಮಾಸ್ತರು ನಮೂನೆಯನ್ನು ಮೂಗಿಗೆ ಹಿಡಿದು ಓದಿ, ಎರಡೇ ನಿಮಿಷದಲ್ಲಿ ದಾರಿ ತೋರಿಸಿದರು. ಯಜಮಾನಿಯ ಸೊಸೆ ಮದುವೆಗೆ ಮುಂಚೆ ಶಿಶುಶಿಕ್ಷಣದ ಡಿಪ್ಲೊಮಾ ಪಾಸು ಮಾಡಿದ್ದಳಲ್ಲ, ಆ ಕಾಗದ ಬೀರುವಿನಲ್ಲಿ ಸೀರೆಗಳ ಕೆಳಗೆ ಸುಮ್ಮನೆ ನಿದ್ದೆ ಮಾಡುತ್ತಿದೆಯಲ್ಲ, ಅವಳೇ ಟೀಚರಾಗಲಿ. ಎಂಟನೇ ಕಲಮಿನಲ್ಲಿ ಒಬ್ಬ ಆಯಾ ಬೇಕು ಅಂತಿದೆ, ದೊಡ್ಡಕ್ಕ ಆಯಾ ಆಗಲಿ. ಒಂದೇ ಏಟಿಗೆ ಎರಡು ಕಲಮು.

ಯಜಮಾನಿ ದೊಡ್ಡಕ್ಕನ ಕೈ ಹಿಡಿದುಕೊಂಡರು.

"ಇವತ್ತೊಂದಿನ ಕಣಮ್ಮ. ಅವ್ರು ಗೇಟು ದಾಟಿ ಹೋದ್ರು ಅಂದ್ರೆ ನೀನೇ ಟೀಚರು. ಬಾಗಿಲು ಮುಚ್ಚಿಸಿಬಿಟ್ರೆ ಈ ಇಪ್ಪತ್ತೆರಡು ಮಕ್ಕಳು ಎಲ್ಲಿಗೆ ಹೋಗ್ಬೇಕು, ನೀನೇ ಹೇಳು."

ಇಪ್ಪತ್ತೆರಡು ಮಕ್ಕಳು ಅಂದಕೂಡಲೇ ದೊಡ್ಡಕ್ಕ ಸೋಲುತ್ತಾಳೆಂದು ಯಜಮಾನಿಗೆ ಗೊತ್ತಿತ್ತು. ಅವಳು ನೀಲಿ ಏಪ್ರನ್ ಕಟ್ಟಿಕೊಂಡು ಅಡುಗೆಮನೆಗೆ ಹೋದಳು. ಮಕ್ಕಳ ಕೋಣೆಯ ಹೊಸ್ತಿಲು ದಾಟಕೂಡದು ಎಂದು ಗುಮಾಸ್ತರು ಅಪ್ಪಣೆ ಮಾಡಿದರು.

ತಪಾಸಕಿ ಹತ್ತಕ್ಕೆ ಸರಿಯಾಗಿ ಬಂದರು. ತೆಳ್ಳಗಿನ ಹೆಂಗಸು, ಮೆತ್ತಗಿನ ದನಿ. ಸಂತೋಷವಾದರೂ ಅಷ್ಟೇ, ಸಿಟ್ಟಾದರೂ ಅಷ್ಟೇ ದನಿ ಇರಬೇಕು. ಟೇಪು ತೆಗೆದು ಕಿಟಕಿಯ ಎತ್ತರ ಅಳೆದರು, ಮೇಜಿನ ಮೂಲೆ ಸವರಿ ನೋಡಿದರು, ಆಟದ ಸಾಮಾನು ಎಣಿಸಿದರು. ಎಲ್ಲ ಸರಿಯಾಗಿತ್ತು. ಯಜಮಾನಿಯ ಮುಖಕ್ಕೆ ಬಣ್ಣ ಬಂತು. ಆಮೇಲೆ ತಪಾಸಕಿ ಒಂದು ಪುಟ್ಟ ಕುರ್ಚಿಯಲ್ಲಿ ಕೂತು, ಪಾಠ ಶುರುಮಾಡಿ ಅಂದರು.

ಸೊಸೆಗೆ ಮಕ್ಕಳೆಂದರೆ, ಕೆಲವರಿಗೆ ಜಿರಳೆ ಕಂಡರೆ ಆಗುತ್ತದಲ್ಲ, ಅಂಥ ಭಯ. ಗೋಡೆಗೆ ಬೆನ್ನು ಕೊಟ್ಟು ನಿಂತು, ಮಗುವಿನ ಬೆಳವಣಿಗೆಯ ಐದು ಹಂತಗಳನ್ನು ಕಂಠಪಾಠ ಒಪ್ಪಿಸತೊಡಗಿದಳು. ಮಕ್ಕಳು ಫೋಟೋಕ್ಕೆ ಕೂತ ಹಾಗೆ ಬಾಯಿ ತೆರೆದುಕೊಂಡು ಕೇಳಿದರು. ಮೂರನೇ ಹಂತದಲ್ಲಿ, ಸದಾ ದೊಡ್ಡಕ್ಕನಿಗೆ ಅಂಟಿಕೊಂಡೇ ಇರುವುದರಿಂದ ಜಿಗಣೆ ಎಂದು ಹೆಸರಾಗಿದ್ದ ಪುಟ್ಟ ಹುಡುಗಿ ಎದ್ದು ನಿಂತಳು.

"ಮಳೆ ಬರ್ತಾ ಇದೆ," ಅಂದಳು.

ಮೂತ್ರಕ್ಕೆ ಹೋಗಬೇಕು ಎನ್ನಲು ನಾಚುವ ಮಕ್ಕಳಿಗೆ ದೊಡ್ಡಕ್ಕ ಹೇಳಿಕೊಟ್ಟಿದ್ದ ಮಾತು ಅದು. ಸೊಸೆಗೆ ಎಲ್ಲಿಂದ ಗೊತ್ತಾಗಬೇಕು? ಕಿಟಕಿಯಾಚೆ ನೋಡಿ, ಬಿಸಿಲಿದೆ ಪುಟ್ಟಿ, ಕೂತ್ಕೋ ಅಂದಳು. ಮಗು ಇನ್ನೊಮ್ಮೆ ಹೇಳಿತು. ಸೊಸೆ ಇನ್ನೊಮ್ಮೆ ಬಿಸಿಲು ತೋರಿಸಿದಳು. ಮೂರನೇ ಸಲ ಹೇಳುವ ಅಗತ್ಯವೇ ಬೀಳಲಿಲ್ಲ. ಮಳೆ ಬಂದೇಬಿಟ್ಟಿತು, ಹರಿದು ತಪಾಸಕಿಯ ಶೂ ಹತ್ತಿರ ನಿಂತಿತು.

ಒಬ್ಬರಿಗೆ ಮಳೆ ಬಂದರೆ ಉಳಿದವರು ಸುಮ್ಮನಿರುತ್ತಾರೆಯೇ? ನಂಗೂ ಮಳೆ, ನಂಗೂ ಮಳೆ ಎಂದು ಕೋಣೆ ತುಂಬ ಗದ್ದಲವೆದ್ದಿತು. ಸೊಸೆ ಮೂರನೇ ಹಂತವನ್ನು ಅಲ್ಲೇ ಬಿಟ್ಟು ಅಳುವುದಕ್ಕೆ ಶುರುಮಾಡಿದಳು. ಗುಮಾಸ್ತರು ಸಾಲಾಗಿ ನಿಲ್ಲಿ ಎಂದು ಕಚೇರಿ ದನಿಯಲ್ಲಿ ಗದರಿದ್ದೇ, ಮಕ್ಕಳೆಲ್ಲ ಬೆದರಿದ ಕುರಿಮಂದೆಯ ಹಾಗೆ ಅಡುಗೆಮನೆಗೆ ನುಗ್ಗಿ ನೀಲಿ ಏಪ್ರನ್‌ಗೆ ಜೋತುಬಿದ್ದರು.

ದೊಡ್ಡಕ್ಕ ಅದುವರೆಗೂ ಒಲೆಯ ಮುಂದೆ ಹಲ್ಲು ಕಚ್ಚಿ ನಿಂತಿದ್ದವಳು. ಇನ್ನು ಆಗಲಿಲ್ಲ. ಜಿಗಣೆಯನ್ನು ಎತ್ತಿಕೊಂಡು ಬಟ್ಟೆ ಬದಲಿಸಿದಳು. ಮೆಲ್ಲಗೆ ಒಂದು ಹಾಡು ತೆಗೆದಳು. ಎರಡನೇ ಸಾಲಿಗೆ ಗದ್ದಲ ಇಳಿಯಿತು, ನಾಲ್ಕನೇ ಸಾಲಿಗೆ ಇಪ್ಪತ್ತೆರಡು ಮಕ್ಕಳೂ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ರೈಲಾಗಿ ಬಚ್ಚಲ ಕಡೆ ಹೊರಟರು. ಹಾಡು ಮುಗಿಯುವಷ್ಟರಲ್ಲಿ ಕೈ ತೊಳೆದು ಚಾಪೆಯ ಮೇಲೆ ಕೂತಿದ್ದರು. ತಪಾಸಕಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಟೇಪು ಮಡಿಸಿ ಚೀಲದಲ್ಲಿಟ್ಟು ಅಡುಗೆಮನೆಗೆ ಬಂದರು.

"ಈ ಮಕ್ಕಳಿಗೆ ಇದನ್ನೆಲ್ಲ ಕಲಿಸಿದ್ದು ಯಾರು?"

ಹಿಂದುಗಡೆ ಯಜಮಾನಿ ಕೆಮ್ಮಿದರು. ಗುಮಾಸ್ತರೂ ಕೆಮ್ಮಿದರು. ದೊಡ್ಡಕ್ಕನಿಗೆ ಸುಳ್ಳು ನಾಲಿಗೆಗೆ ಬರಲಿಲ್ಲ, ಪೂರ್ತಿ ನಿಜಕ್ಕೆ ಧೈರ್ಯ ಸಾಲಲಿಲ್ಲ.

"ನಾನೇ, ಮೇಡಂ," ಅಂದಳು ಅಷ್ಟೆ.

"ಹಾಗೇ ಅಂದ್ಕೊಂಡೆ. ಇಪ್ಪತ್ತು ವರ್ಷದಲ್ಲಿ ಮಕ್ಕಳು ಯಾರನ್ನೂ ಹೀಗೆ ಹಚ್ಚಿಕೊಂಡಿದ್ದು ನಾನು ನೋಡಿಲ್ಲ. ಇದನ್ನ ಬರೀಲೇಬೇಕು."

ದೊಡ್ಡಕ್ಕನ ಎದೆ ತುಂಬಿ ಬಂತು. ಹನ್ನೊಂದು ವರ್ಷದಲ್ಲಿ ಅವಳ ಬಗ್ಗೆ ಯಾರೂ ಒಂದು ಸಾಲು ಬರೆದಿರಲಿಲ್ಲ. ತಪಾಸಕಿ ಅರ್ಧ ಗಂಟೆ ಬರೆದರು, ಸಹಿ ಹಾಕಿ ಮೊಹರು ಒತ್ತಿದರು, ಎಲ್ಲರಿಗೂ ಕೈಮುಗಿದು ಹೊರಟರು.

ಗುಮಾಸ್ತರು ವರದಿಯನ್ನು ಗಟ್ಟಿಯಾಗಿ ಓದಿದರು. ಕಟ್ಟಡ ಉತ್ತಮ. ಸಾಮಗ್ರಿ ಉತ್ತಮ. ಶಿಕ್ಷಕಿಯ ಅರ್ಹತೆ ನಿಯಮದಂತೆ ಇದೆ. ಕೇಂದ್ರಕ್ಕೆ ಮೊದಲ ದರ್ಜೆ. ಯಜಮಾನಿ ಕಣ್ಣೊರೆಸಿಕೊಂಡರು. ಕೆಳಗೆ ಒಂದು ಷರಾ ಇದೆ ಎನ್ನುತ್ತ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡರು.

"ಅರ್ಹ ಶಿಕ್ಷಕಿ ಇದ್ದರೂ ಮಕ್ಕಳು ತರಬೇತಿಯಿಲ್ಲದ ಆಯಾಳನ್ನು ಮಿತಿಮೀರಿ ಹಚ್ಚಿಕೊಂಡಿರುವುದು ಕಂಡುಬಂದಿದೆ. ಇದರಿಂದ ಶಿಕ್ಷಕಿಯ ಕಾರ್ಯಕ್ಕೆ ಅಡ್ಡಿಯಾಗುತ್ತಿದೆ. ಸದರಿ ಆಯಾಳನ್ನು ಅಡುಗೆಮನೆಗೆ ಸೀಮಿತಗೊಳಿಸತಕ್ಕದ್ದು. ಮುನ್ಸೂಚನೆಯಿಲ್ಲದೆ ಮತ್ತೆ ಪರಿಶೀಲಿಸಲಾಗುವುದು."

ಇನ್ನು ದಿನವೂ ಬರಬೇಕಾ ಎಂದು ಸೊಸೆ ಮತ್ತೆ ಅಳತೊಡಗಿದಳು. ಯಜಮಾನಿ ಅವಳ ಬೆನ್ನು ಸವರಿ ಸಮಾಧಾನ ಮಾಡಿ, ದೊಡ್ಡಕ್ಕನ ಕಡೆ ತಿರುಗಿದರು. ನಾಳೆಯಿಂದ ಸ್ವಲ್ಪ ಬೇಗ ಬರಬೇಕು, ಮಕ್ಕಳು ಬರುವ ಮುಂಚೆ ಇವಳಿಗೆ ಹಾಡುಗಳನ್ನೆಲ್ಲ ಹೇಳಿಕೊಡಬೇಕು, ಯಾವ ಮಗು ಯಾಕೆ ಅಳುತ್ತದೆ ಅಂತ ಒಂದು ಪಟ್ಟಿ ಬರೆದುಕೊಡಬೇಕು ಎಂದರು.

ತರಬೇತಿಯಿಲ್ಲದ ಆಯಾಗೆ ಹಾಡು ಎಲ್ಲಿಂದ ಬರಬೇಕು ಅಮ್ಮ ಎಂಬ ಮಾತು ದೊಡ್ಡಕ್ಕನ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಕ್ಕಳ ಕೋಣೆಯಿಂದ ಒಂದು ಅಳು ಕೇಳಿಸಿತು. ಹಸಿವಿನ ಅಳುವಲ್ಲ, ನೋವಿನದೂ ಅಲ್ಲ, ಎಲ್ಲಿದ್ದೀಯ ಎಂದು ಕೇಳುವ ಅಳು. ಅವಳ ಕಾಲು ತಾನಾಗಿ ಎದ್ದಿತು. ಗುಮಾಸ್ತರು ನಯವಾಗಿಯೇ ಆ ಕೋಣೆಯ ಬಾಗಿಲು ಎಳೆದುಕೊಂಡರು.

ದೊಡ್ಡಕ್ಕ ಮುಚ್ಚಿದ ಬಾಗಿಲನ್ನು ಕೊಂಚ ಹೊತ್ತು ನೋಡಿದಳು.

"ಎಷ್ಟು ಗಂಟೆಗೆ ಬರ್ಲಿ?" ಎಂದು ಕೇಳಿದಳು.